ವೈಫೈ ಬೀಗದಲ್ಲಿ ಬಿರುಕು ಕಂಡ ಯುವ ಸಂಶೋಧಕ: ಅಂಗಡಿಯವರಿಗೂ ಬೇಕಾದ ಮಾಹಿತಿ

ಅಂಗಡಿಯ ವೈಫೈಗೆ ಗಟ್ಟಿ ಪಾಸ್‌ವರ್ಡ್ ಹಾಕಿದರೆ ಮುಗೀತು, ಇನ್ಯಾರೂ ಕದ್ದು ನೋಡೋಕೆ ಆಗಲ್ಲ ಅನ್ನೋದು ಬಹುತೇಕರ ಲೆಕ್ಕ. 2017ರವರೆಗೆ ತಜ್ಞರ ಲೆಕ್ಕವೂ ಹೆಚ್ಚುಕಡಿಮೆ ಅದೇ ಆಗಿತ್ತು. ಅದನ್ನು ತಲೆಕೆಳಗು ಮಾಡಿದ್ದು ಬೆಲ್ಜಿಯಂ ದೇಶದ ಯುವ ಸಂಶೋಧಕ ಮ್ಯಾಥಿ ವಾನ್‌ಹೂಫ್.

ಲೂವೆನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವಾಗ ಅವರು ಹಿಡಿದ ವಿಷಯವೇ ವೈಫೈ ಸುರಕ್ಷತೆ. 2015ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಮಾರ್ಗದರ್ಶಕ ಫ್ರಾಂಕ್ ಪೀಸೆನ್ಸ್ ಜೊತೆ ಸೇರಿ ಆರ್‌ಸಿ4 ಎಂಬ ಹಳೇ ಗೂಢಲಿಪಿ ವಿಧಾನವನ್ನು ಮುರಿಯಬಹುದೆಂದು ತೋರಿಸಿದ್ದರು.

ದೊಡ್ಡ ಬಿರುಕು ಸಿಕ್ಕಿದ್ದು ಮಾತ್ರ ಬೇರೆ ಕೆಲಸದ ನಡುವೆ. ಇನ್ನೊಂದು ಪ್ರಬಂಧ ಮುಗಿಸಬೇಕಿದ್ದ ಹೊತ್ತಲ್ಲಿ ಓಪನ್‌ಬಿಎಸ್‌ಡಿ ತಂತ್ರಾಂಶದ ಕೋಡ್ ನೋಡುತ್ತಾ ಕೂತಿದ್ದರು. ವೈಫೈನ ಗುಪ್ತ ಕೀಲಿಯನ್ನು ಕೂರಿಸುವ ಸಾಲು ಕಣ್ಣಿಗೆ ಬಿತ್ತು. ಇದು ಎರಡು ಸಲ ನಡೆದರೆ ಏನಾಗುತ್ತೆ? ಪ್ರಶ್ನೆ ಇಷ್ಟೇ. ಕೆಲವು ವಾರ ಬಿಟ್ಟು ಪುರುಸೊತ್ತು ಮಾಡಿಕೊಂಡು ಅದನ್ನೇ ಹಿಂಬಾಲಿಸಿದರು.

ಬಿಲ್ ಬುಕ್ ನೆನಪಿಸಿಕೊಂಡರೆ ವಿಷಯ ಸುಲಭ. ಪ್ರತಿ ಬಿಲ್‌ಗೂ ಬೇರೆ ನಂಬರ್, ಒಂದೇ ನಂಬರ್ ಎರಡು ಸಲ ಬಂದರೆ ಲೆಕ್ಕವೇ ಕೆಡುತ್ತೆ. ವೈಫೈಯಲ್ಲಿ ಹೋಗುವ ಪ್ರತಿ ಮಾಹಿತಿ ತುಣುಕಿಗೂ ಹೀಗೇ ಒಂದು ನಂಬರ್ ಇರುತ್ತೆ, ಕೀಲಿ ಮತ್ತು ಆ ನಂಬರ್ ಸೇರಿ ಮಾಹಿತಿಯನ್ನು ಗೂಢವಾಗಿಸುತ್ತವೆ. ಫೋನ್ ಮತ್ತು ರೂಟರ್ ಕೈಕುಲುಕುವಾಗ ನಾಲ್ಕು ಸಂದೇಶಗಳು ಓಡಾಡುತ್ತವೆ. ದಾಳಿಕೋರ ಮೂರನೆಯದು ಮತ್ತೆ ಫೋನಿಗೆ ತಲುಪುವಂತೆ ಮಾಡಿದರೆ, ಫೋನ್ ಹಳೇ ಕೀಲಿಯನ್ನೇ ಮತ್ತೆ ಕೂರಿಸಿಕೊಂಡು ನಂಬರನ್ನು ಮೊದಲಿನಿಂದ ಎಣಿಸುತ್ತೆ. ಒಂದೇ ನಂಬರಿನ ಎರಡು ತುಣುಕು ಕೈಗೆ ಸಿಕ್ಕರೆ ಗೂಢ ಬಿಡಿಸಲು ದಾರಿ ಸಿಕ್ಕಂತೆ. ಈ ಕೈಕುಲುಕು ಸುರಕ್ಷಿತ ಅಂತ ಗಣಿತದ ಸಾಧನೆಯೇ ಇತ್ತು, ಅದು ತಪ್ಪೂ ಆಗಿರಲಿಲ್ಲ. ಕೀಲಿ ಯಾವಾಗ, ಎಷ್ಟು ಸಲ ಕೂರಬೇಕು ಅನ್ನೋದನ್ನು ಮಾತ್ರ ಅದು ಹೇಳಿರಲಿಲ್ಲ!

ವಾನ್‌ಹೂಫ್ ಇದನ್ನು ತಕ್ಷಣ ಡಂಗುರ ಹೊಡೆಯಲಿಲ್ಲ. ಮೊದಲು ಕಂಪನಿಗಳಿಗೆ ಗುಟ್ಟಾಗಿ ತಿಳಿಸಿ, ರಿಪೇರಿಗೆ ಸಮಯ ಕೊಟ್ಟು, 2017ರ ಅಕ್ಟೋಬರ್ 16ರಂದು ‘ಕ್ರ್ಯಾಕ್’ ಹೆಸರಲ್ಲಿ ಬಹಿರಂಗಪಡಿಸಿದರು. ಕದಿಯುವವನಿಗೂ ಸಂಶೋಧಕನಿಗೂ ಇರುವ ಗೆರೆ ಇದೇ.

ಗಾಬರಿಯಾಗುವಷ್ಟಿಲ್ಲ. ದಾಳಿಕೋರ ವೈಫೈ ಸಿಗುವಷ್ಟು ಹತ್ತಿರವೇ ಇರಬೇಕು, ಪೇಮೆಂಟ್ ಆ್ಯಪ್‌ಗಳಿಗೆ ತಮ್ಮದೇ ಇನ್ನೊಂದು ಗೂಢಲಿಪಿ ರಕ್ಷಣೆಯೂ ಇರುತ್ತೆ. ಆದರೆ ಪಾಸ್‌ವರ್ಡ್ ಬದಲಿಸಿದರೆ ಈ ಬಿರುಕು ಮುಚ್ಚಲ್ಲ, ಸಾಫ್ಟ್‌ವೇರ್ ಅಪ್‌ಡೇಟೇ ಆಗಬೇಕು. ಅದರಲ್ಲೂ ರೂಟರ್‌ಗಿಂತ ಮುಖ್ಯವಾಗಿ ಫೋನಿಗೆ. ಆಂಡ್ರಾಯ್ಡ್‌ಗೆ ಗೂಗಲ್ ರಿಪೇರಿ ಕೊಟ್ಟದ್ದು 2017ರ ನವೆಂಬರ್‌ನಲ್ಲಿ. ಗಲ್ಲಾಪೆಟ್ಟಿಗೆ ಮೇಲಿನ ಹಳೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ಅದಕ್ಕಿಂತ ಹಿಂದಿನದಾಗಿದ್ದರೆ ಬಿರುಕು ಇನ್ನೂ ಹಾಗೇ ಇರೋ ಸಾಧ್ಯತೆಯೇ ಹೆಚ್ಚು.

ವಾನ್‌ಹೂಫ್ ಅಲ್ಲಿಗೆ ನಿಲ್ಲಲಿಲ್ಲ. 2021ರಲ್ಲಿ ಅವರು ಹೊರಹಾಕಿದ ಹೊಸ ಲೋಪಗಳಲ್ಲಿ ಕೆಲವು, 1997ರ ಮೊದಲ ವೈಫೈ ನಿಯಮಗಳಷ್ಟೇ ಹಳೆಯವು.