ಹೊಗೆ ಒಂದೇ, ತಟ್ಟೆ ಬೇರೆ

ಬೆಳಗಿನ ಆರು ಗಂಟೆ. ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಪಾನಿನ ಅಂಗಡಿಯೆದುರು ನಿಂತ ಇಬ್ಬರನ್ನು ಗಮನಿಸಿ. ಒಬ್ಬರು ಫೋರ್ಟಿನ ಕಚೇರಿಗೆ ಹೊರಟವರು. ಕೈಯಲ್ಲಿ ಫಿಲ್ಟರ್ ಸಿಗರೇಟು. ಚೀಲದಲ್ಲಿ ಚಪಾತಿ, ಪಲ್ಯ, ಮೊಸರಿನ ಡಬ್ಬಿ. ಇನ್ನೊಬ್ಬರು ರಾತ್ರಿಪಾಳಿ ಮುಗಿಸಿ ಬಂದ ಕಾರ್ಮಿಕರು. ಕೈಯಲ್ಲಿ ಬೀಡಿ, ಕಟಿಂಗ್ ಚಹಾ, ವಡಾಪಾವ್ ಅವರ ಉಪಾಹಾರ. ಇಬ್ಬರ ಎದೆಯೊಳಗೂ ಇಳಿಯುವುದು ಹೊಗೆಯೇ. ಆದರೆ ಅದು ಇಬ್ಬರನ್ನೂ ಸಮನಾಗಿ ಸುಡುವುದಿಲ್ಲ.

ಇದು ಬರಿಯ ಊಹೆಯಲ್ಲ. ಮುಂದೆ ನವಿಮುಂಬಯಿಯ ಹೀಲಿಸ್ ಸೇಖ್‌ಸರಿಯಾ ಸಂಸ್ಥೆಯ ನಿರ್ದೇಶಕರಾದ ಡಾ. ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು 1991ರಿಂದ 1997ರವರೆಗೆ ಮುಂಬಯಿ ನಗರದ, 35 ವರ್ಷ ದಾಟಿದ ಸುಮಾರು ಒಂದೂವರೆ ಲಕ್ಷ ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಮುಟ್ಟದ ಗಂಡಸರಿಗಿಂತ ಸಿಗರೇಟು ಸೇದುವವರ ಸಾವಿನ ಅಪಾಯ ಶೇ. 37ರಷ್ಟು ಹೆಚ್ಚು, ಬೀಡಿ ಸೇದುವವರದು ಶೇ. 64ರಷ್ಟು ಹೆಚ್ಚು!

ಬೀಡಿ ಬೇಗ ನಂದುತ್ತದೆ, ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಇದು ಒಂದು ಕಾರಣ. ಇನ್ನೊಂದು ಊಟದ ತಟ್ಟೆಯಲ್ಲಿದೆ. ಹೊಗೆಯು ದೇಹದ 'ಸಿ' ಜೀವಸತ್ವವನ್ನು ಬೇಗ ಖರ್ಚು ಮಾಡಿಸುತ್ತದೆ. ಆದ್ದರಿಂದ ಧೂಮಪಾನಿಗಳಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚು ಬೇಕೆಂದು ಅಮೆರಿಕದ ಆಹಾರತಜ್ಞರು ಹೇಳುತ್ತಾರೆ. ಒಂದು ಪೇರಲೆಹಣ್ಣು ಅದನ್ನು ಧಾರಾಳವಾಗಿ ಕೊಡುತ್ತದೆ. ಅನುಕೂಲಸ್ಥರ ಮನೆಯಲ್ಲಿ ಹಣ್ಣು ನಿತ್ಯದ ವಸ್ತು; ಖೋಲಿಯಲ್ಲಿ ನಾಲ್ಕೈದು ಮಂದಿ ಕೂಡಿ ಬಾಳುವವರಿಗೆ ಅದು ಹಬ್ಬದ ವಸ್ತು. ಮೇಲಾಗಿ ತಂಬಾಕು ಹಸಿವನ್ನೇ ಅಡಗಿಸುತ್ತದೆ. ತಂಬಾಕು ಬಳಸುವವರು ಹೆಚ್ಚು ತೆಳ್ಳಗಿರುವುದೂ, ತೀರಾ ತೆಳ್ಳಗಿನವರು ಕ್ಷಯದಿಂದ ಹೆಚ್ಚಾಗಿ ಸಾಯುವುದೂ ಅದೇ ಮುಂಬಯಿ ಅಧ್ಯಯನದಲ್ಲಿ ಕಂಡುಬಂತು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 40 ರೂಪಾಯಿ ಹೊಗೆಯಾದರೆ ತಿಂಗಳಿಗೆ 1200 ರೂಪಾಯಿ. ಅಧಿಕಾರಿಗೆ ಅದು ಹೊರಗಿನ ಒಂದು ಊಟ. ಕಾರ್ಮಿಕರಿಗೆ ಅದು ಮಕ್ಕಳ ಹಾಲು, ಮೊಟ್ಟೆ, ಸೊಪ್ಪು.

ಹಾಗೆಂದು ಉಳ್ಳವರು ನಿಶ್ಚಿಂತರಾಗುವಂತಿಲ್ಲ. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತು! ಒಳ್ಳೆಯ ಊಟ ಬೇಕು ನಿಜ, ಆದರೆ ಅದು ಹೊಗೆಗೆ ಮದ್ದಲ್ಲ. ಬಿಡುವುದೊಂದೇ ಮದ್ದು.

ನಮ್ಮ ದಕ್ಷಿಣ ಕನ್ನಡದಲ್ಲಿ ಅದೆಷ್ಟೋ ತಾಯಂದಿರು, ಅಕ್ಕಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಆ ದುಡಿಮೆಯ ಋಣ ದೊಡ್ಡದು. ಅದೇ ಮಕ್ಕಳು ಥಾಣೆ, ಕಲ್ಯಾಣದ ಹೋಟೆಲುಗಳಲ್ಲಿ ದುಡಿಯುತ್ತಾ ಬೀಡಿಗೆ ಬಲಿಯಾಗಬಾರದು.

ಹೋಟೆಲು ಮಾಲೀಕ ಬಂಧುಗಳೇ, ನಿಮ್ಮ ಹುಡುಗರ ಊಟದಲ್ಲಿ ದಿನವೂ ಸೊಪ್ಪು, ಕಾಳು, ಒಂದು ಹಣ್ಣು ಇರಲಿ. ಬಿಡಲು ಬಯಸುವವರಿಗೆ ಸರಕಾರದ ಉಚಿತ ದೂರವಾಣಿ 1800-11-2356 ಇದೆ. ಆ ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಗದರಿಸಬೇಡಿ, ಪಕ್ಕದಲ್ಲಿ ಕೂತು ಮಾತಾಡಿ. ಊರಿನಲ್ಲಿ ಅವರಿಗಾಗಿ ಕಾಯುವವರಿದ್ದಾರೆ.