ಪೊಟ್ಟಣದ ಮೇಲಿನ ಚಿತ್ರ

ಕಾಫಿ ಮಂಡಳಿಯ ಪೂಲ್ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ಬೆಳೆಗಾರನಿಗೆ ಲೇಬಲ್ಲಿನ ಚಿಂತೆ ಇರಲಿಲ್ಲ. ಒಣಗಿಸಿದ ಕಾಫಿಯನ್ನು ಒಪ್ಪಿಸಿ ರಸೀತಿ ಪಡೆದರೆ ಅಲ್ಲಿಗೆ ಅವನ ಕೆಲಸ ಮುಗಿಯುತ್ತಿತ್ತು. ಅದು ಯಾರ ತೋಟದ್ದೆಂದು ಕುಡಿಯುವವರಿಗೆ ತಿಳಿಯುತ್ತಲೂ ಇರಲಿಲ್ಲ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ದೊರೆತ ಮೇಲೆ ಈ ಸ್ಥಿತಿ ಬದಲಾಯಿತು. ಇಂದು ಇರ್ಪು ಜಲಪಾತಕ್ಕೂ ತೋಲ್ಪೆಟ್ಟಿಯ ಕಡೆಗೂ ಹೋಗುವ ಪ್ರವಾಸಿಗರು ಕುಟ್ಟದಲ್ಲಿ ಇಳಿದು ಕಾಫಿ ಪುಡಿ, ಕರಿಮೆಣಸು ಕೇಳುತ್ತಾರೆ. ನಮ್ಮ ಸದಸ್ಯರಲ್ಲಿ ಹಲವರು ಮನೆಯ ಕಂಪ್ಯೂಟರಿನಲ್ಲೇ ಲೇಬಲ್ ಸಿದ್ಧಪಡಿಸಿ, ಅದರಲ್ಲಿ ಚಿತ್ರವನ್ನೂ ಸೇರಿಸಿ ಪೊಟ್ಟಣಗಳಿಗೆ ಅಂಟಿಸುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಈ ಚಿತ್ರದ ವಿಷಯದಲ್ಲಿ ನಾವೇ ಎಡವಿದ್ದುಂಟು. ಆದ್ದರಿಂದ ಈ ನಾಲ್ಕು ಮಾತು.

ಕಳೆದ ಹಂಗಾಮಿನಲ್ಲಿ ಸಂಘದ ಕಚೇರಿಯಲ್ಲೇ ಕಾಫಿ ಪುಡಿಯ ಲೇಬಲ್ ಮಾಡಿದೆವು. ಕಾಫಿ ಗೊಂಚಲಿನ ಚಿತ್ರ ಚೆನ್ನಾಗಿಯೇ ಕೂತಿತ್ತು. ಮುಂದಿನ ತಿಂಗಳು ಪ್ಯಾಕಿಂಗ್ ತಿಂಗಳನ್ನು ತಿದ್ದುವಾಗ ಒಂದು ಸಾಲು ಹೆಚ್ಚಾಯಿತು, ಅಕ್ಷರಗಳು ಕೆಳಗೆ ಸರಿದವು. ಚಿತ್ರ ಮಾತ್ರ ಇದ್ದಲ್ಲೇ ನಿಂತು ನಿವ್ವಳ ತೂಕದ ಸಾಲನ್ನೇ ಮುಚ್ಚಿಬಿಟ್ಟಿತು. ಅಂಟಿಸಿ ಮುಗಿದ ಮೇಲೆ ನಮ್ಮ ಕಣ್ಣಿಗೆ ಬಿತ್ತು. ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಬೇಕಾಯಿತು.

ಇದಕ್ಕೆ ಪರಿಹಾರ ಸುಲಭ. ವರ್ಡ್‌ನಲ್ಲಿ 'ಮೇಲಿಂಗ್ಸ್' ಒಳಗಿನ 'ಲೇಬಲ್ಸ್' ತೆರೆದು, 'ಆಪ್ಷನ್ಸ್'ನಲ್ಲಿ ನಿಮ್ಮ ಹಾಳೆಯ ಅಳತೆಯನ್ನು ಆರಿಸಿ 'ನ್ಯೂ ಡಾಕ್ಯುಮೆಂಟ್' ಒತ್ತಿದರೆ ಪುಟದ ತುಂಬ ಮನೆಗಳು ಮೂಡುತ್ತವೆ. ಎ-4 ಹಾಳೆಗೆ 8 ಲೇಬಲ್ ಬರುವ ಅಳತೆ (99.1 × 67.7 ಮಿ.ಮೀ.) ಕಾಲು ಕಿಲೋ ಪೊಟ್ಟಣಕ್ಕೆ ಅನುಕೂಲ. ಮೊದಲ ಮನೆಯನ್ನು 'ಸ್ಪ್ಲಿಟ್ ಸೆಲ್ಸ್' ಮೂಲಕ ಎರಡು ಮಾಡಿ, ಎಡಗಡೆ ಚಿತ್ರ, ಬಲಗಡೆ ಅಕ್ಷರ ಇಡಿ. ಚಿತ್ರಕ್ಕೆ 'ಇನ್ ಲೈನ್ ವಿತ್ ಟೆಕ್ಸ್ಟ್' ಎಂಬ ಕ್ರಮವನ್ನೇ ಆರಿಸಿ. ಆಗ ಅದು ಅಕ್ಷರದಂತೆ ತನ್ನ ಮನೆಯೊಳಗೇ ಇರುತ್ತದೆ, ಮತ್ತೊಂದರ ಮೇಲೆ ಹತ್ತುವುದಿಲ್ಲ. ಚಿತ್ರದ ಒಂದು ಪಟ್ಟಿ ಮಾತ್ರ ಕಂಡರೆ ಗಾಬರಿ ಬೇಡ. ಸಾಲಿನ ಅಂತರ 'ಎಕ್ಸಾಕ್ಟ್‌ಲಿ' ಎಂದಿರುತ್ತದೆ, ಅದನ್ನು 'ಸಿಂಗಲ್' ಮಾಡಿ. ಒಂದು ಲೇಬಲ್ ಸರಿಯಾದ ಮೇಲೆ ಉಳಿದ ಮನೆಗಳಿಗೆ ನಕಲು ಮಾಡಿಕೊಳ್ಳಿ. ಹಣ ಕೊಡದೆ ದೊರೆಯುವ ಲಿಬ್ರೆ ಆಫೀಸ್‌ನಲ್ಲಿ 'ಸಿಂಕ್ರೊನೈಜ್' ಎಂಬ ಗುಂಡಿಯೇ ಈ ನಕಲಿನ ಕೆಲಸ ಮಾಡುತ್ತದೆ.

ಚಿತ್ರವನ್ನು ದೊಡ್ಡದು ಚಿಕ್ಕದು ಮಾಡುವಾಗ ಮೂಲೆಯನ್ನೇ ಹಿಡಿದು ಎಳೆಯಬೇಕು; ಪಕ್ಕವನ್ನು ಹಿಡಿದು ಎಳೆದರೆ ಆಕಾರ ಕೆಡುತ್ತದೆ. ಸಸ್ಯಾಹಾರದ ಹಸಿರು ಗುರುತು ಹೀಗೆಯೇ ಮೊಟ್ಟೆಯಾಗಿರುವುದನ್ನು ನಾವು ಕಂಡಿದ್ದೇವೆ. ಅದು ಅಲಂಕಾರವಲ್ಲ, ಕಾನೂನಿನ ಗುರುತು. ಪೊಟ್ಟಣದ ಪ್ರಧಾನ ಮುಖ 100ರಿಂದ 500 ಚದರ ಸೆಂ.ಮೀ. ಇದ್ದರೆ ವೃತ್ತದ ವ್ಯಾಸ ಕನಿಷ್ಠ 4 ಮಿ.ಮೀ., ಹೊರಗಿನ ಚೌಕದ ಬದಿ ಅದರ ಎರಡರಷ್ಟು ಇರಬೇಕು. ಆಹಾರ ಸುರಕ್ಷತೆಯ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ತಿಂಗಳು, ಗರಿಷ್ಠ ಬೆಲೆ ಇವಕ್ಕೆಲ್ಲ ಮೊದಲು ಜಾಗ ಮಾಡಿ, ಉಳಿದ ಜಾಗದಲ್ಲಿ ಚಿತ್ರ ಇಡಿ. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಶೇಕಡಾ ಲೆಕ್ಕವನ್ನೂ ಹಾಕಲೇಬೇಕು.

ಅಚ್ಚಿನಲ್ಲಿ ಚಿತ್ರ ಸ್ಪಷ್ಟವಾಗಿರಲು ಇಂಚಿಗೆ 300 ಚುಕ್ಕಿ ಬೇಕು. ಎಂದರೆ 4 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 475 ಚುಕ್ಕಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪೇಟೆಯ ಅಂಗಡಿಯಲ್ಲಿ ಅಚ್ಚು ಹಾಕಿಸುವುದಾದರೆ ಕಡತವನ್ನು ಪಿಡಿಎಫ್ ಮಾಡಿ ಒಯ್ಯಿರಿ. ಇಲ್ಲವಾದರೆ ಅಲ್ಲಿ ನಮ್ಮ ಕನ್ನಡ ಫಾಂಟ್ ಇರದೆ ಅಕ್ಷರಗಳು ಚೆಲ್ಲಾಪಿಲ್ಲಿಯಾದಾವು. ಮುದ್ರಿಸುವಾಗ ಅಳತೆ 100 ಪ್ರತಿಶತ ಇರಲಿ. ಮೊದಲು ಬಿಳಿ ಹಾಳೆಯ ಮೇಲೆ ಅಚ್ಚು ತೆಗೆದು, ಲೇಬಲ್ ಹಾಳೆಯ ಜೊತೆಗಿಟ್ಟು ಬೆಳಕಿಗೆ ಹಿಡಿದು ನೋಡಿ. ಅರ್ಧ ಕಿತ್ತ ಹಾಳೆಯನ್ನು ಮತ್ತೆ ಯಂತ್ರಕ್ಕೆ ಕೊಡಬೇಡಿ. ಲೇಬಲ್ ಒಳಗೇ ಅಂಟಿಕೊಳ್ಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇಂಕ್‌ಜೆಟ್ ಶಾಯಿ ಹರಡುವುದುಂಟು, ಲೇಸರ್ ಅಚ್ಚೇ ಲೇಸು.

ಇನ್ನು ಮುಖ್ಯ ಮಾತು. ಸದಸ್ಯರೊಬ್ಬರು ಇತ್ತೀಚೆಗೆ ತಂದು ತೋರಿಸಿದ ಲೇಬಲ್ ನೋಡಲು ಬಹಳ ಅಂದವಾಗಿತ್ತು. ಪೊಟ್ಟಣದಲ್ಲಿದ್ದುದು ಅವರದೇ ತೋಟದ ಶುದ್ಧ ರೋಬಸ್ಟಾ. ಆದರೆ ಇಂಟರ್ನೆಟ್ಟಿನಿಂದ ತೆಗೆದ ಚಿತ್ರದಲ್ಲಿದ್ದುದು ಅರೇಬಿಕಾ ಬೀಜ: ಉದ್ದನೆಯದು, ನಡುವಿನ ಗೀರು ಬಳುಕಿದ್ದು. ನಮ್ಮ ರೋಬಸ್ಟಾ ಗುಂಡಗೆ, ಗೀರು ನೇರ. ತಿಳಿದ ಗಿರಾಕಿ ಒಂದೇ ನೋಟದಲ್ಲಿ ಗುರುತಿಸುತ್ತಾನೆ. ಒಳಗಿನ ಸರಕಿನ ಬಗ್ಗೆ ತಪ್ಪು ತಿಳಿವಳಿಕೆ ಕೊಡುವ ಲೇಬಲ್ಲಿಗೆ ಆಹಾರ ಕಾನೂನಿನಲ್ಲೂ ಅವಕಾಶವಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಸಂದದ್ದು 'ಕೂರ್ಗ್ ಅರೇಬಿಕಾ'ಕ್ಕೆ. ಅದೇ ವರ್ಷ ಗಡಿಯಾಚೆ 'ವಯನಾಡ್ ರೋಬಸ್ಟಾ'ಕ್ಕೂ ಸಂದಿತು. ಇವೆರಡರಲ್ಲಿ ಯಾವುದೂ ಕುಟ್ಟದ ರೋಬಸ್ಟಾಕ್ಕೆ ಅನ್ವಯಿಸುವುದಿಲ್ಲ. ಅರೇಬಿಕಾ ಬೆಳೆದವರು ಕೂಡ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಲಾಂಛನವನ್ನು ಹಾಕುವಂತಿಲ್ಲ. ಬೇರೆಯವರು ತೆಗೆದ ಫೋಟೋಕ್ಕೂ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆ ಇದೆ, ಕೇಳದೆ ಬಳಸಬಾರದು.

ಹಾಗಾದರೆ ಯಾವ ಚಿತ್ರ? ನಮ್ಮದೇ ಗಿಡ, ನಮ್ಮದೇ ಕಣ, ಸಿಲ್ವರ್ ಮರಕ್ಕೆ ಹಬ್ಬಿದ ನಮ್ಮದೇ ಮೆಣಸಿನ ಬಳ್ಳಿ. ಬೆಳಗಿನ ಬಿಸಿಲಿನಲ್ಲಿ ಮೊಬೈಲಿನಿಂದ ತೆಗೆದರೆ ಸಾಕು. ಆ ಸದಸ್ಯರು ಈಗ ತಮ್ಮ ಕಣದಲ್ಲಿ ಹರಡಿದ ಚೆರಿಯ ಚಿತ್ರ ಹಾಕಿ, ಕೆಳಗೆ 'ಕುಟ್ಟದ ರೋಬಸ್ಟಾ' ಎಂದು ಬರೆದಿದ್ದಾರೆ. ರೋಬಸ್ಟಾ ಎಂದು ಹೇಳಿಕೊಳ್ಳಲು ನಾವೇಕೆ ನಾಚಬೇಕು? ಒಮ್ಮೆ ಕೊಂಡವರು ಮತ್ತೆ ಕೇಳಿಕೊಂಡು ಬರುವಂತಾದರೆ ಅದೇ ನಮ್ಮ ಗುರುತು.

ಲೇಬಲ್ ಮಾಡುವ ಸದಸ್ಯರು ಅಚ್ಚಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ಸಂಘದ ಕಚೇರಿಗೆ ತಂದು ತೋರಿಸಬೇಕೆಂದು ಕೋರುತ್ತೇವೆ. ನಾವು ಮಾಡಿದ ತಪ್ಪನ್ನು ನೀವೂ ಮಾಡಬೇಕಾಗಿಲ್ಲ.