ಹೊಳೆಯ ಹೊಸ ನಕಾಶೆ

2019ರ ಆಗಸ್ಟಿನಲ್ಲಿ ಮಲಪ್ರಭೆಯು ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನು ಹೊಕ್ಕುದನ್ನು ವಾಚಕರು ಮರೆತಿರಲಾರರು. ಅದಕ್ಕೆ ಹತ್ತು ವರ್ಷ ಹಿಂದೆ, 2009ರ ಸೆಪ್ಟೆಂಬರ್ ಕೊನೆಯಲ್ಲಿ, ಉತ್ತರ ಕರ್ನಾಟಕವು ಇಂಥದೇ ಸಂಕಟವನ್ನು ಕಂಡಿತ್ತು. ಆದರೆ ಎರಡು ನೆರೆಗಳೂ ಒಂದೇ ಜಾತಿಯವಲ್ಲ. ಮೊದಲನೆಯದು ಬಯಲುಸೀಮೆಯ ಮೇಲೆಯೇ ಸುರಿದ ಅತಿವೃಷ್ಟಿಯಿಂದ ಬಂದುದು; ಎರಡನೆಯದು ಸಹ್ಯಾದ್ರಿಯ ಮಳೆಯಿಂದಲೂ, ತುಂಬಿದ ಜಲಾಶಯಗಳಿಂದ ಬಿಡಲೇಬೇಕಾದ ನೀರಿನಿಂದಲೂ ಬಂದುದು. ಹೀಗಿರಲು, ಹಿಂದೊಮ್ಮೆ ನೀರು ನಿಂತಲ್ಲಿ ಗೆರೆ ಎಳೆದು ಅದರಾಚೆಗೆ ಭಯವಿಲ್ಲವೆಂದು ನಂಬುವುದೆಂತು? ಹೊಳೆಯ ಪಾತ್ರವೂ ಮೊದಲಿನಂತಿಲ್ಲ. ದಂಡೆಯ ಹೊಲಗಳು ಒಳಗೊಳಗೆ ಸರಿದು ಮಲಪ್ರಭೆಯನ್ನು ಅನೇಕ ಕಡೆ ಇಕ್ಕಟ್ಟು ಮಾಡಿವೆ.

ನೆರೆಯ ನಕಾಶೆಯನ್ನು ಗಣಕಯಂತ್ರದ ಸಹಾಯದಿಂದ ಮತ್ತೆ ಮತ್ತೆ ತಿದ್ದುವ ವಿದ್ಯೆ ಈಗ ನಮ್ಮ ಕೈಯಲ್ಲಿದೆ. ಮೋಡ ಕವಿದಾಗ ಸಾಮಾನ್ಯ ಉಪಗ್ರಹದ ಕಣ್ಣು ಕುರುಡು. ರೇಡಾರ್ ಉಪಗ್ರಹಕ್ಕೆ ಮೋಡವೂ ರಾತ್ರಿಯೂ ಅಡ್ಡಿಯಲ್ಲ. ಅದು ಕಳುಹಿದ ಅಲೆಯನ್ನು ನಿಂತ ನೀರು ಕನ್ನಡಿಯಂತೆ ಬೇರೆ ಕಡೆಗೆ ಜಾರಿಸಿಬಿಡುವುದರಿಂದ, ಮುಳುಗಿದ ನೆಲವು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2022ರಲ್ಲಿ ಇಸ್ರೋ ಹಾರಿಸಿದ ಇ.ಒ.ಎಸ್.-04 ಇಂಥ ಉಪಗ್ರಹವೇ.

ನೀರು ಎಲ್ಲಿಯವರೆಗೆ ಬಂದಿತೆಂಬುದು ಇದರಿಂದ ತಿಳಿಯುವುದು. ಎಷ್ಟು ಆಳ ನಿಂತಿತು, ಇನ್ನೂ ಹೆಚ್ಚು ಬಂದರೆ ಯಾರ ಮನೆ ಹೋಗುವುದು ಎಂಬುದು ತಿಳಿಯದು. ಅದಕ್ಕೆ ನೆಲದ ಏರುತಗ್ಗುಗಳ ಅಳತೆ ಬೇಕು. ತೊಡಕಿರುವುದು ಇಲ್ಲಿಯೇ. ಬಾಹ್ಯಾಕಾಶದಿಂದ ತೆಗೆದ, ಪುಕ್ಕಟೆ ದೊರೆಯುವ ಎತ್ತರದ ಲೆಕ್ಕಗಳಲ್ಲಿ ಕೆಲವು ಮೀಟರುಗಳ ತಪ್ಪಿರುವುದುಂಟು. ಎರೆಭೂಮಿಯ ಸಮತಟ್ಟಿನಲ್ಲಿಯಾದರೋ ಮೊಳದಷ್ಟು ಎತ್ತರವೇ ಒಂದು ಓಣಿಯನ್ನು ಉಳಿಸುತ್ತದೆ, ಇಲ್ಲವೆ ಮುಳುಗಿಸುತ್ತದೆ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಅಳೆದರೆ ತಪ್ಪು ಗೇಣಿಗಿಂತ ಕಡಿಮೆಯಾಗುವುದು. ವೆಚ್ಚ ಬಹಳವೆನ್ನುವರು. 2009ರ ತರುವಾಯ ಕಟ್ಟಿಸಿದ ‘ಆಸರೆ’ ಮನೆಗಳಿಗೆ ತಗುಲಿದ ವೆಚ್ಚವೇನು ಸ್ವಲ್ಪವೇ? ಅವುಗಳಲ್ಲಿ ಎಷ್ಟೋ ಮನೆಗಳಿಗೆ ಒಕ್ಕಲೇ ಬರಲಿಲ್ಲ. ಊರಿಗೂರೇ ಏಳಬೇಕೋ, ಒಂದು ಓಣಿ ಮಾತ್ರ ಎದ್ದರೆ ಸಾಕೋ ಎಂಬುದನ್ನು ನಂಬತಕ್ಕ ನಕಾಶೆಯ ಮುಂದೆ ಕುಳಿತು ಮಾತಾಡಿದರೆ ಜನರೂ ಒಪ್ಪಿಯಾರು.

ಸ್ವಾಮಿತ್ವ ಯೋಜನೆಯಲ್ಲಿ 2020ರಿಂದ ಡ್ರೋನುಗಳು ಹಳ್ಳಿಯ ಮನೆಜಾಗಗಳನ್ನು ಹಕ್ಕುಪತ್ರಕ್ಕಾಗಿ ಅಳೆಯತೊಡಗಿದವು. ಹೊಳೆದಂಡೆಯ ಊರುಗಳಲ್ಲಿ ಆ ಅಳತೆಯೊಡನೆಯೇ ಹೊಸ್ತಿಲುಗಳ ಎತ್ತರವನ್ನೂ ಗುರುತಿಸಿಕೊಳ್ಳಲು ಅಡ್ಡಿಯೇನು? ಗುಡಿಯ ಗೋಡೆಯ ಮೇಲೆ ನೀರೇರಿದ ಕುರುಹನ್ನು ತೋರಿಸಬಲ್ಲ ಹಿರಿಯರೂ ಅಲ್ಲಿರುವರು. ಅವರ ಮಾತಿಗೆ ಒರೆಹಚ್ಚದ ಯಂತ್ರದ ಲೆಕ್ಕವು ಅರೆಲೆಕ್ಕವೇ ಸರಿ.

ಇಂತಹ ನಕಾಶೆಯು ಅಧಿಕಾರಿಗಳ ಗಣಕದಲ್ಲಿ ಅಡಗಿರತಕ್ಕದ್ದಲ್ಲ. ಸರ್ವೆ ನಂಬರುಗಳೊಡನೆ, ಕನ್ನಡದಲ್ಲಿ, ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಅದು ತೂಗಬೇಕು. ಪ್ರತಿಯೊಂದು ನೆರೆಯ ಬಳಿಕ ಅದನ್ನು ತಿದ್ದಬೇಕು. ಮನೆಗೆ ಪಾಯ ತೋಡುವವನು ಗುದ್ದಲಿ ಹಿಡಿಯುವ ಮೊದಲು ಅದನ್ನೊಮ್ಮೆ ನೋಡಿಕೊಂಡು ಹೋಗುವಂತಾಗಬೇಕು.